‘ಬ್ಯಾರಲ್’ ಮೀನು ‘ವ್ಹಾಲಿ’ಯಾದ ಕಥೆ

ಕಡಲ ದಂಡೆಯ ಜನ ಮೀನಿಗೆ ಹೆಸರಿಡುವಾಗ ಸಾಮಾನ್ಯವಾಗಿ ಅದರ ಆಕಾರವನ್ನೋ ಬಣ್ಣವನ್ನೋ ನೋಡುತ್ತಾರೆ. ಗುಜರಾತಿನ ಸೌರಾಷ್ಟ್ರ ತೀರದಲ್ಲಿ ಮಾತ್ರ ಒಂದು ಮೀನಿಗೆ ಅದನ್ನು ಕೊಲ್ಲಲು ಬಳಸುತ್ತಿದ್ದ ಸಾಮಗ್ರಿಯ ಹೆಸರೇ ಅಂಟಿಕೊಂಡಿತ್ತು. ಅದನ್ನು ಅಲ್ಲಿಯ ಮೀನುಗಾರರು ‘ಬ್ಯಾರಲ್’ ಎಂದು ಕರೆಯುತ್ತಿದ್ದರು. ಬ್ಯಾರಲ್ ಎಂದರೆ ಪೀಪಾಯಿ. ದೊಡ್ಡ ಕೊಕ್ಕೆಯನ್ನು ಮೀನಿನ ಮೈಗೆ ನೆಟ್ಟು, ಅದಕ್ಕೆ ಹಗ್ಗದಿಂದ ಖಾಲಿ ಪೀಪಾಯಿಗಳನ್ನು ಕಟ್ಟಿ ಬಿಡುತ್ತಿದ್ದುದರಿಂದ ಬಂದ ಹೆಸರು ಅದು. ಅದೇ ತೀರದ ಅದೇ ಜನ ಇಂದು ಆ ಮೀನನ್ನು ‘ವ್ಹಾಲಿ’ ಎನ್ನುತ್ತಾರೆ. ಗುಜರಾತಿ ಭಾಷೆಯಲ್ಲಿ ವ್ಹಾಲಿ ಎಂದರೆ ಪ್ರೀತಿಯವಳು, ಮುದ್ದಿನ ಮಗಳು.

ಒಂದು ಹೆಸರು ಹೋಗಿ ಇನ್ನೊಂದು ಬರುವುದರ ನಡುವೆ ಒಂದು ಕಾನೂನು, ಒಂದು ಚಲನಚಿತ್ರ, ಒಬ್ಬ ರಾಮಕಥಾ ಪ್ರವಚನಕಾರ ಮತ್ತು ಸಾವಿರಾರು ಮೀನುಗಾರರು ಇದ್ದಾರೆ. ಕಡಲಿನ ಜೀವಿಗಳನ್ನು ಉಳಿಸುವ ಕೆಲಸದಲ್ಲಿ ಸರಕಾರದ ಆಜ್ಞೆಯ ಮಿತಿ ಎಲ್ಲಿಗೆ ಮುಗಿಯುತ್ತದೆ, ಜನರ ಮನಸ್ಸಿನ ಕೆಲಸ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಭಾರತದ ಇತ್ತೀಚಿನ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸಾಧು ದೈತ್ಯ

ಈ ಮೀನಿನ ಹೆಸರು ತಿಮಿಂಗಿಲ ಶಾರ್ಕ್. ಹೆಸರಿನಲ್ಲಿ ತಿಮಿಂಗಿಲವಿದ್ದರೂ ಇದು ತಿಮಿಂಗಿಲವಲ್ಲ. ತಿಮಿಂಗಿಲ ನಮ್ಮಂತೆ ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡಿಸುವ ಪ್ರಾಣಿ. ತಿಮಿಂಗಿಲ ಶಾರ್ಕ್ ಕಿವಿರುಗಳಿಂದ ಉಸಿರಾಡುವ ನಿಜವಾದ ಮೀನು. ಗಾತ್ರದಲ್ಲಿ ತಿಮಿಂಗಿಲವನ್ನು ಹೋಲುತ್ತದೆ ಎಂಬುದಕ್ಕಷ್ಟೇ ಆ ಹೆಸರು. ಜಗತ್ತಿನ ಎಲ್ಲ ಮೀನುಗಳಲ್ಲಿ ಇದೇ ದೊಡ್ಡದು. ಹನ್ನೆರಡು ಮೀಟರ್ ಉದ್ದದ ಮೀನುಗಳು ಅಪರೂಪವಲ್ಲ. ಅದಕ್ಕಿಂತ ಬಹಳ ಉದ್ದದವೂ ದಾಖಲಾಗಿವೆ. ನಮ್ಮ ಊರುಗಳಲ್ಲಿ ಓಡಾಡುವ ಬಸ್ಸಿನಷ್ಟು ಉದ್ದ ಎಂದರೆ ಅಂದಾಜು ಸಿಕ್ಕೀತು.

ಶಾರ್ಕ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಗರಗಸದ ಹಲ್ಲು, ರಕ್ತದ ನೀರು ಯಾವುದೂ ಇದಕ್ಕೆ ಸಲ್ಲುವುದಿಲ್ಲ. ಇದು ಬಾಯಿ ತೆರೆದುಕೊಂಡು ನಿಧಾನವಾಗಿ ಈಜುತ್ತ ಸಮುದ್ರದ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನೂ ಮೀನಿನ ಮೊಟ್ಟೆಗಳನ್ನೂ ಸಣ್ಣ ಮೀನುಗಳನ್ನೂ ಸೋಸಿ ತಿಂದು ನೀರನ್ನು ಕಿವಿರಿನ ಮೂಲಕ ಹೊರಬಿಡುತ್ತದೆ. ಮೈಮೇಲೆ ರಂಗೋಲಿಯ ಚುಕ್ಕಿ ಇಟ್ಟಂತೆ ಬಿಳಿ ಚುಕ್ಕಿಗಳು. ನಮ್ಮ ಹೆಬ್ಬೆರಳಿನ ಗುರುತಿನ ಹಾಗೆ ಒಂದು ಮೀನಿನ ಚುಕ್ಕಿಯ ವಿನ್ಯಾಸ ಇನ್ನೊಂದಕ್ಕೆ ಇರುವುದಿಲ್ಲ.

ವಿಜ್ಞಾನಕ್ಕೆ ಈ ಮೀನಿನ ಪರಿಚಯವಾದದ್ದು 1828ರಲ್ಲಿ, ದಕ್ಷಿಣ ಆಫ್ರಿಕದ ಟೇಬಲ್ ಕೊಲ್ಲಿಯಲ್ಲಿ ಈಟಿಗೆ ಸಿಕ್ಕಿದ ಒಂದನ್ನು ಆಂಡ್ರ್ಯೂ ಸ್ಮಿತ್ ಎಂಬ ವೈದ್ಯ ವರ್ಣಿಸಿದಾಗ. ಆದರೂ ಅದರ ಸಂಸಾರದ ಗುಟ್ಟು ಬಹಳ ಕಾಲ ತಿಳಿಯಲಿಲ್ಲ. 1953ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಇದರ ಭ್ರೂಣವಿದ್ದ ಒಂದು ಮೊಟ್ಟೆಚೀಲ ಸಿಕ್ಕಿತು. ಹಾಗಾಗಿ ಇದು ಮೊಟ್ಟೆಯಿಡುವ ಮೀನಿರಬೇಕು ಎಂದು ನಂಬಿದ್ದರು. 1995ರಲ್ಲಿ ತೈವಾನಿನಲ್ಲಿ ಹಿಡಿದ ಒಂದು ಹೆಣ್ಣು ಮೀನಿನ ಗರ್ಭದಲ್ಲಿ ಸುಮಾರು 300 ಮರಿಗಳು ಕಂಡವು. ಮೊಟ್ಟೆ ತಾಯಿಯ ಹೊಟ್ಟೆಯೊಳಗೇ ಒಡೆದು, ಮರಿಗಳು ಜೀವಂತವಾಗಿ ಹೊರಬರುತ್ತವೆ ಎಂಬುದು ಆಗ ಖಚಿತವಾಯಿತು. ಇದು ಪ್ರಾಯಕ್ಕೆ ಬರಲು 25–30 ವರ್ಷ ಬೇಕೆಂದು ಅಂದಾಜು. ಬೂತಾಯಿ, ಬಂಗುಡೆಗಳು ಒಂದೆರಡು ವರ್ಷಗಳಲ್ಲೇ ಸಂತತಿ ಬೆಳೆಸಿ ನಷ್ಟ ತುಂಬಿಕೊಳ್ಳಬಲ್ಲವು. ಮೂವತ್ತು ವರ್ಷ ಕಾಯಬೇಕಾದ ಮೀನಿಗೆ ಅದು ಸಾಧ್ಯವಿಲ್ಲ. ಅದರ ಬೇಟೆ ಎಂದರೆ ಬೆಳೆ ಕೊಯ್ಲಲ್ಲ, ಹಳೆಯ ಮರ ಕಡಿದ ಹಾಗೆ.

ಎಣ್ಣೆಯಿಂದ ಮಾಂಸಕ್ಕೆ

ಸೌರಾಷ್ಟ್ರದ ವೇರಾವಲ್, ಸೂತ್ರಾಪಾಡಾ, ಧಾಮಲೇಜ್, ಮಾಂಗರೋಳ್ ಮೊದಲಾದ ಊರುಗಳ ಮೀನುಗಾರರಿಗೆ ಈ ಮೀನು ಹೊಸದಾಗಿರಲಿಲ್ಲ. ವರ್ಷದಲ್ಲಿ ಕೆಲವು ತಿಂಗಳು ಅದು ಆ ತೀರದ ಸಮೀಪಕ್ಕೆ ಬರುತ್ತದೆ. ಅದರ ಪಿತ್ತಜನಕಾಂಗದಲ್ಲಿ ಹೇರಳವಾಗಿ ಎಣ್ಣೆ ಇರುತ್ತದೆ. ಮರದ ದೋಣಿಗೆ ನೀರು ಹಿಡಿಯದಂತೆ ಬಳಿಯಲು ಆ ಎಣ್ಣೆ ಬೇಕಾಗುತ್ತಿತ್ತು. ನಮ್ಮ ಕರಾವಳಿಯಲ್ಲಿಯೂ ದೋಣಿಗೆ ಮೀನೆಣ್ಣೆ ಬಳಿಯುವ ರೂಢಿ ಇತ್ತಲ್ಲ, ಅದೇ ರೀತಿ. ಎಣ್ಣೆ ತೆಗೆದ ಮೇಲೆ ಉಳಿದ ದೇಹಕ್ಕೆ ಹೇಳಿಕೊಳ್ಳುವಂಥ ಬೆಲೆ ಇರಲಿಲ್ಲ. ಊರಿನ ದೋಣಿಗಳಿಗೆ ಬೇಕಾಗುವಷ್ಟು ಎಣ್ಣೆಗೆ ಬೇಟೆಯೂ ಅಷ್ಟರಮಟ್ಟಿಗೆ ಸೀಮಿತವಾಗಿತ್ತು.

ತೊಂಬತ್ತರ ದಶಕದಲ್ಲಿ ಈ ಲೆಕ್ಕ ಬದಲಾಯಿತು. ತೈವಾನಿನಲ್ಲಿ ಇದರ ಮೆತ್ತನೆಯ ಬಿಳಿ ಮಾಂಸಕ್ಕೆ ಬೇಡಿಕೆ ಏರಿತು. ಬೇರೆ ಕಡೆಗಳಲ್ಲಿ ಬೇಟೆಗೆ ಒಂದೊಂದಾಗಿ ಬಾಗಿಲು ಮುಚ್ಚುತ್ತ ಬಂದಿತ್ತು. ಮಾಲ್ಡೀವ್ಸ್ 1995ರಲ್ಲಿ, ಫಿಲಿಪೈನ್ಸ್ 1998ರಲ್ಲಿ ನಿಷೇಧ ಹೇರಿದವು. ಇತ್ತ ಗುಜರಾತಿನಲ್ಲಿ ಎಂಜಿನ್ ದೋಣಿಗಳು, ಮಂಜುಗಡ್ಡೆ, ಶೈತ್ಯಾಗಾರ, ರಫ್ತುದಾರರು ಎಲ್ಲವೂ ಸಜ್ಜಾಗಿದ್ದವು. ಹಿಂದೆ ದೋಣಿಗೆ ಎಣ್ಣೆ ಕೊಡುತ್ತಿದ್ದ ಮೀನು ಈಗ ಡಾಲರಿನ ಸರಕಾಯಿತು. ಒಂದೊಂದು ಋತುವಿನಲ್ಲಿ ನೂರಾರು ಮೀನುಗಳು ದಡ ಸೇರತೊಡಗಿದವು.

ಬೇಟೆಯ ವಿಧಾನ ಸರಳ, ಆದರೆ ಕ್ರೂರ. ನೀರಿನ ಮೇಲ್ಮೈಯಲ್ಲಿ ಆಹಾರ ಸೋಸುತ್ತ ನಿಧಾನವಾಗಿ ಸಾಗುವ ಈ ಮೀನು ದೋಣಿಗೆ ಹೆದರಿ ಓಡುವುದಿಲ್ಲ. ದೋಣಿ ಅದರ ಪಕ್ಕಕ್ಕೆ ಬಂದಾಗ ಕೊಕ್ಕೆಯನ್ನು ಮೈಗೆ ಹೊಡೆಯುತ್ತಿದ್ದರು. ನೋವಿಗೆ ಮೀನು ಆಳಕ್ಕೆ ಇಳಿಯಲು ನೋಡಿದರೆ ಹಗ್ಗಕ್ಕೆ ಕಟ್ಟಿದ ಪೀಪಾಯಿಗಳು ಇಳಿಯಗೊಡುತ್ತಿರಲಿಲ್ಲ. ಗಂಟೆಗಟ್ಟಲೆ ಸೆಣಸಿ ಅದು ಬಸವಳಿದ ಮೇಲೆ ದೋಣಿಗೆ ಕಟ್ಟಿ ದಡಕ್ಕೆ ಎಳೆದು ತರುತ್ತಿದ್ದರು. ಒಂದು ಮಾತನ್ನು ಇಲ್ಲಿ ಹೇಳಬೇಕು. ಈ ಕೆಲಸ ಮಾಡಿದವರು ಕಟುಕರೆಂದು ತೀರ್ಪು ಕೊಡುವುದು ಪಟ್ಟಣದಲ್ಲಿ ಕುಳಿತವರಿಗೆ ಸುಲಭ. ಡೀಸೆಲ್ ಸಾಲ, ದೋಣಿಯ ಸಾಲಗಳ ನಡುವೆ ಬದುಕುವ ಮನುಷ್ಯನಿಗೆ ಒಂದೇ ಮೀನು ತಿಂಗಳುಗಟ್ಟಲೆಯ ದುಡಿಮೆಯ ಹಣ ತರುವುದಾದರೆ ಅದನ್ನು ಬಿಡು ಎನ್ನುವುದಕ್ಕೆ ಬಲವಾದ ಕಾರಣ ಬೇಕು.

ಕಾನೂನು ಬಂತು

ಈ ಬೇಟೆಯನ್ನು ದೇಶದ ಕಣ್ಣಿಗೆ ತಂದದ್ದು ವನ್ಯಜೀವಿ ಚಿತ್ರ ನಿರ್ಮಾಪಕ ಮೈಕ್ ಪಾಂಡೆಯವರ ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಸಾಕ್ಷ್ಯಚಿತ್ರ. 2000ದಲ್ಲಿ ಅದಕ್ಕೆ ‘ಹಸಿರು ಆಸ್ಕರ್’ ಎಂದೇ ಹೆಸರಾದ ಬ್ರಿಟನ್ನಿನ ಪಾಂಡಾ ಪ್ರಶಸ್ತಿ ಬಂತು. ಹುಲಿ, ಆನೆಗಳ ದೇಶದಲ್ಲಿ ಮೀನೂ ಒಂದು ವನ್ಯಜೀವಿ ಎಂದು ಅಲ್ಲಿಯವರೆಗೆ ಯಾರೂ ಗಂಭೀರವಾಗಿ ಯೋಚಿಸಿರಲಿಲ್ಲ. ಮೀನು ಎಂದರೆ ಉತ್ಪನ್ನ. ಅದು ಮೀನುಗಾರಿಕೆ ಇಲಾಖೆಗೆ ಸೇರಿದ್ದು, ಅರಣ್ಯ ಇಲಾಖೆಗೆ ಅಲ್ಲ. 2001ರ ಮೇ 28ರಂದು ಕೇಂದ್ರ ಸರಕಾರ ತಿಮಿಂಗಿಲ ಶಾರ್ಕನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿತು. ಹುಲಿಗೆ ಇರುವ ರಕ್ಷಣೆಯೇ ಈ ಮೀನಿಗೂ ದೊರೆಯಿತು. ಆ ಪಟ್ಟಿಗೆ ಸೇರಿದ ಮೊದಲ ಮೀನು ಇದು. ಮರುವರ್ಷ ಚಿಲಿ ದೇಶದ ಸಾಂಟಿಯಾಗೊದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಭಾರತ ಮತ್ತು ಫಿಲಿಪೈನ್ಸ್ ಮಂಡಿಸಿದ ಪ್ರಸ್ತಾವದಿಂದ ಇದರ ಜಾಗತಿಕ ವ್ಯಾಪಾರಕ್ಕೂ ಕಡಿವಾಣ ಬಿತ್ತು.

ಅದೇ 2001ರಲ್ಲಿ ನಡೆದ ಇನ್ನೊಂದು ಘಟನೆ ಹೆಚ್ಚು ಜನರಿಗೆ ನೆನಪಿಲ್ಲ. ಜುಲೈ ತಿಂಗಳಲ್ಲಿ ಸರಕಾರ ಒಂದೇ ಆಜ್ಞೆಯಲ್ಲಿ ಎಲ್ಲ ಜಾತಿಯ ಶಾರ್ಕ್ ಮತ್ತು ತೊರಕೆ ಮೀನುಗಳ ಹಿಡಿಯುವಿಕೆಯನ್ನು ನಿಷೇಧಿಸಿಬಿಟ್ಟಿತು. ಶಾರ್ಕ್ ಹಿಡಿದೇ ಬದುಕುತ್ತಿದ್ದ ಸಣ್ಣ ಮೀನುಗಾರರಿಂದ ಭಾರಿ ವಿರೋಧ ಬಂತು. ಕೊನೆಗೆ ಡಿಸೆಂಬರಿನಲ್ಲಿ ಆಜ್ಞೆಯನ್ನು ತಿದ್ದಿ ತಿಮಿಂಗಿಲ ಶಾರ್ಕ್ ಸೇರಿದಂತೆ ಹತ್ತು ಜಾತಿಗಳಿಗೆ ಮಾತ್ರ ಸೀಮಿತಗೊಳಿಸಲಾಯಿತು. ಸಮುದ್ರದ ಮೇಲೆ ದುಡಿಯುವವರನ್ನು ಕೇಳದೆ ದಿಲ್ಲಿಯಲ್ಲಿ ಬರೆದ ಕಾಗದ ಐದೇ ತಿಂಗಳಲ್ಲಿ ಮಡಚಿಕೊಂಡಿತು ಎಂಬುದು ಇದರ ತಾತ್ಪರ್ಯ.

ತಿಮಿಂಗಿಲ ಶಾರ್ಕಿನ ಕಾನೂನು ಉಳಿಯಿತು ನಿಜ. ಆದರೆ ಕಾಡಿನ ಹಾಗೆ ಕಡಲಿಗೆ ಗಡಿಗಲ್ಲು ನೆಟ್ಟು ಕಾವಲುಗಾರನನ್ನು ನಿಲ್ಲಿಸಲು ಬರುವುದಿಲ್ಲ. ದಡದಿಂದ ಹತ್ತಾರು ಮೈಲಿ ದೂರದಲ್ಲಿ, ನಾಲ್ಕೈದು ಜನರಿರುವ ದೋಣಿಯಲ್ಲಿ ಏನು ನಡೆಯಿತು ಎಂಬುದಕ್ಕೆ ಸಾಕ್ಷಿ ಆ ನಾಲ್ಕೈದು ಜನರೇ. ಮೇಲಾಗಿ, ಕಾನೂನಿನ ಪುಸ್ತಕದಲ್ಲಿರುವ ಲ್ಯಾಟಿನ್ ಹೆಸರಿನ ಮೀನೂ ತಾವು ಬ್ಯಾರಲ್ ಎನ್ನುವ ಮೀನೂ ಒಂದೇ ಎಂಬುದು ಎಷ್ಟೋ ಮೀನುಗಾರರಿಗೆ ತಿಳಿದೇ ಇರಲಿಲ್ಲ.

ತವರಿಗೆ ಬಂದ ಮಗಳು

ಇಂಥ ಪರಿಸ್ಥಿತಿಯಲ್ಲಿ 2004ರ ಜನವರಿಯಲ್ಲಿ ಗುಜರಾತಿನಲ್ಲಿ ಒಂದು ಆಂದೋಲನ ಆರಂಭವಾಯಿತು. ಭಾರತೀಯ ವನ್ಯಜೀವಿ ಟ್ರಸ್ಟ್, ಗುಜರಾತ್ ಅರಣ್ಯ ಇಲಾಖೆ, ಮೀಠಾಪುರದಲ್ಲಿ ಕಾರ್ಖಾನೆ ಹೊಂದಿರುವ ಟಾಟಾ ಕೆಮಿಕಲ್ಸ್ ಮೊದಲಾದವರು ಕೈಜೋಡಿಸಿದರು. ಊರೂರಿಗೆ ಹೋಗಿ ಕರಪತ್ರ ಹಂಚಿ ‘ಕೊಂದರೆ ಜೈಲು’ ಎಂದು ಹೇಳಿಬರುವುದು ಸುಲಭದ ದಾರಿಯಾಗಿತ್ತು. ಆಂದೋಲನದವರು ಬೇರೆ ದಾರಿ ಹಿಡಿದರು. ಗುಜರಾತಿನ ಹಳ್ಳಿಹಳ್ಳಿಗೂ ಪರಿಚಿತರಾದ ರಾಮಕಥಾ ಪ್ರವಚನಕಾರ ಮುರಾರಿ ಬಾಪು ಅವರನ್ನು ತಮ್ಮ ರಾಯಭಾರಿಯಾಗಲು ಕೇಳಿಕೊಂಡರು.

ಬಾಪು ಅವರು ಜನರ ಮುಂದಿಟ್ಟದ್ದು ವಿಜ್ಞಾನದ ಅಂಕಿ ಅಂಶಗಳನ್ನಲ್ಲ, ಒಂದು ನಂಟನ್ನು. ದೂರದ ಸಮುದ್ರದಿಂದ ಪ್ರತಿವರ್ಷ ನಿಮ್ಮ ತೀರಕ್ಕೆ ಬರುವ ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳಿದ್ದಂತೆ. ಬಸುರಿ ಮಗಳು ಮನೆಬಾಗಿಲಿಗೆ ಬಂದಾಗ ಯಾರಾದರೂ ಕೊಲ್ಲುತ್ತಾರೆಯೇ ಎಂಬುದು ಅವರ ಮಾತಿನ ಸಾರ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು, ಮಡಿಲು ತುಂಬಿ ಕಳಿಸುವುದು ಏನೆಂದು ಕನ್ನಡದ ಓದುಗರಿಗೆ ವಿವರಿಸಬೇಕಾಗಿಲ್ಲ. ಸೌರಾಷ್ಟ್ರದ ಮೀನುಗಾರನ ಮನೆಯಲ್ಲಿಯೂ ಅದು ಅಷ್ಟೇ ಪವಿತ್ರ. ‘ವ್ಹಾಲಿ’ ಎಂಬ ಹೆಸರು ಹುಟ್ಟಿದ್ದು ಹೀಗೆ.

ಈ ಕಥೆಯನ್ನೇ ಬೀದಿನಾಟಕ ಮಾಡಿ ಮೀನುಗಾರರ ಊರುಗಳಲ್ಲಿ ಆಡಿದರು. ಗಾಳಿ ತುಂಬಿದರೆ ನಿಜವಾದ ಮೀನಿನಷ್ಟೇ ದೊಡ್ಡದಾಗಿ ಎದ್ದು ನಿಲ್ಲುವ ಮಾದರಿಯೊಂದನ್ನು ಊರಿನಿಂದ ಊರಿಗೆ ಒಯ್ದರು. ಶಾಲೆಯ ಮಕ್ಕಳು ಅದರ ಸುತ್ತ ನಿಂತು ನೋಡಿದರು, ಚಿತ್ರ ಬರೆದರು. ಅಪ್ಪ ಅಜ್ಜಂದಿರು ದಡಕ್ಕೆ ಎಳೆದು ತರುತ್ತಿದ್ದ ಮೀನು ಜೀವಂತವಾಗಿದ್ದಾಗ ಹೇಗೆ ಬಾಳುತ್ತದೆ ಎಂಬುದು ಮಕ್ಕಳ ಮೂಲಕ ಮನೆಯೊಳಗೆ ಹೋಯಿತು. ಪೋರಬಂದರ, ದ್ವಾರಕಾ, ಓಖಾ, ದಿಯು ಮೊದಲಾದ ಊರುಗಳು ಈ ಮೀನನ್ನು ತಮ್ಮ ಲಾಂಛನವಾಗಿ ಸ್ವೀಕರಿಸಿದವು. ಕಾರ್ತಿಕ ಅಮಾವಾಸ್ಯೆಯನ್ನು ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ದಿನವಾಗಿ ಆಚರಿಸತೊಡಗಿದರು. ಪಠ್ಯಪುಸ್ತಕ ಮಾಡಬೇಕಾದ ಕೆಲಸವನ್ನು ಜಾತ್ರೆ, ನಾಟಕ, ಪಂಚಾಂಗಗಳು ಮಾಡಿದವು.

ಬಲೆ ಕತ್ತರಿಸಿದವರು

ಭಾವನೆಗೆ ಬೆಲೆ ಇದೆ. ಆದರೆ ಬಲೆಗೂ ಬೆಲೆ ಇದೆ. ಬೇಟೆ ನಿಂತ ಮೇಲೂ ಈ ಮೀನು ಬಲೆಗೆ ಬೀಳುವುದು ನಿಲ್ಲಲಿಲ್ಲ. ಬೇರೆ ಮೀನಿಗೆಂದು ನೀರಿನಲ್ಲಿ ಗೋಡೆಯಂತೆ ಇಳಿಬಿಟ್ಟ ನೈಲಾನ್ ಬಲೆಗೆ ಇದು ಬಂದು ಸುತ್ತಿಕೊಳ್ಳುತ್ತದೆ. ಆಗ ಅದನ್ನು ಬದುಕಿಸುವ ಉಪಾಯ ಒಂದೇ: ಬಲೆಯನ್ನು ಕತ್ತರಿಸುವುದು. ಬಲೆ ಕತ್ತರಿಸಿದರೆ ಆ ದಿನದ ಮೀನೂ ಹೋಯಿತು, ಬಲೆಯೂ ಹೋಯಿತು. ಮೀನುಗಾರನಿಗೆ ಬಲೆ ಎಂದರೆ ರೈತನಿಗೆ ಎತ್ತಿನ ಜೋಡಿ ಇದ್ದಂತೆ.

ಆದುದರಿಂದ ಅರಣ್ಯ ಇಲಾಖೆ ಹರಿದ ಬಲೆಗೆ ಪರಿಹಾರ ಕೊಡುವ ವ್ಯವಸ್ಥೆ ಮಾಡಿತು. ಆರಂಭದ ವರ್ಷಗಳಲ್ಲಿ ಗರಿಷ್ಠ 25,000 ರೂಪಾಯಿ ಎಂದು ನಿಗದಿಯಾಗಿತ್ತು. ದೊಡ್ಡ ಬಲೆಯ ಪೂರ್ತಿ ಬೆಲೆ ಅದರಲ್ಲಿ ಬರುವುದಿಲ್ಲ ಎಂಬ ದೂರು ಇದ್ದೇ ಇತ್ತು. ಆದರೂ ನಷ್ಟವೆಲ್ಲ ನಿನ್ನದೇ ಎಂದು ಮೀನುಗಾರನನ್ನು ಕೈಬಿಡಲಿಲ್ಲ ಎಂಬುದು ಮುಖ್ಯ.

ಪರಿಹಾರಕ್ಕೆ ಪುರಾವೆ ಬೇಕು. ಮೊದಲು ಮೀನು ಬಲೆಗೆ ಬಿದ್ದ ಸುದ್ದಿ ತಿಳಿದು ಅಧಿಕಾರಿಗಳು ಸ್ಥಳಕ್ಕೆ ಬಂದು ನೋಡಬೇಕಾಗಿತ್ತು. ಅಷ್ಟು ಹೊತ್ತು ಮೀನು ಬಲೆಯಲ್ಲೇ ಒದ್ದಾಡಬೇಕು. ಉಳಿಸಲು ಮಾಡಿದ ನಿಯಮವೇ ಅದಕ್ಕೆ ಮುಳುವಾಗುತ್ತಿತ್ತು. ಇದಕ್ಕೆ ಕಂಡುಕೊಂಡ ಪರಿಹಾರ ನಂಬಿಕೆಯ ಮೇಲೆ ನಿಂತದ್ದು. ಮೀನುಗಾರರ ಕೈಗೇ ನೀರು ತಾಗಿದರೂ ಕೆಡದ ಸಣ್ಣ ಕ್ಯಾಮೆರಾಗಳನ್ನು ಕೊಟ್ಟರು. ಬಲೆ ಕತ್ತರಿಸಿ ಮೀನನ್ನು ಬಿಡುವ ದೃಶ್ಯವನ್ನು ಅವರೇ ಚಿತ್ರ ತೆಗೆದು ತಂದರೆ ಸಾಕು, ಅದೇ ಪುರಾವೆ. ಹೀಗೆ ಕಾನೂನಿನ ಕಣ್ಣಿಗೆ ಆರೋಪಿಯಾಗಬಹುದಾಗಿದ್ದವನು ಸಾಕ್ಷಿದಾರನಾದ. ಅವನು ತಂದ ಚಿತ್ರ, ಹೇಳಿದ ಸ್ಥಳ, ದಿನಾಂಕಗಳು ವಿಜ್ಞಾನಿಗಳಿಗೆ ಅಧ್ಯಯನದ ಸಾಮಗ್ರಿಯೂ ಆದವು. 2011ರಲ್ಲಿ ಮೊದಲ ಬಾರಿಗೆ ಗುಜರಾತ್ ತೀರದ ಒಂದು ತಿಮಿಂಗಿಲ ಶಾರ್ಕಿಗೆ ಉಪಗ್ರಹದ ಮೂಲಕ ಜಾಡು ಹಿಡಿಯುವ ಸಾಧನವನ್ನು ಅಳವಡಿಸಿದಾಗಲೂ ಮೀನನ್ನು ಹುಡುಕಿ, ಹಿಡಿದು ನಿಲ್ಲಿಸಲು ಬೇಕಾಗಿದ್ದುದು ಮೀನುಗಾರರ ದೋಣಿ ಮತ್ತು ಕೈಚಳಕವೇ.

2004ರಿಂದ ಈಚೆಗೆ ಹೀಗೆ ಬಲೆಯಿಂದ ಬಿಡಿಸಿ ಕಡಲಿಗೆ ಮರಳಿಸಿದ ತಿಮಿಂಗಿಲ ಶಾರ್ಕುಗಳ ಸಂಖ್ಯೆ 900ನ್ನು ದಾಟಿದೆ. ಒಂದು ಕಾಲಕ್ಕೆ ಒಂದೆರಡು ಋತುಗಳಲ್ಲಿ ನೂರಾರು ಮೀನುಗಳನ್ನು ಕೊಂದ ತೀರ ಇದೇ ಎಂಬುದನ್ನು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ.

ಕೆಲವು ಪ್ರಶ್ನೆಗಳು

ಇಷ್ಟು ಹೇಳಿದ ಮೇಲೆ ಕೆಲವು ಪ್ರಶ್ನೆಗಳನ್ನು ಎತ್ತದಿದ್ದರೆ ಚಿತ್ರ ಪೂರ್ತಿಯಾಗದು. ಮೊದಲನೆಯದು, ಬಸುರಿ ಮಗಳ ಕಥೆ ಎಷ್ಟು ನಿಜ? ತಿಮಿಂಗಿಲ ಶಾರ್ಕ್ ಎಲ್ಲಿ ಮರಿ ಹಾಕುತ್ತದೆ ಎಂಬುದನ್ನು ಜಗತ್ತಿನ ಯಾವ ವಿಜ್ಞಾನಿಯೂ ಇನ್ನೂ ಕಣ್ಣಾರೆ ಕಂಡಿಲ್ಲ. ಗುಜರಾತಿಗೆ ಬರುವವು ಆಹಾರಕ್ಕಾಗಿ ಬರುತ್ತವೆಯೋ, ಹೆರಿಗೆಗೋ, ಎರಡಕ್ಕೂ ಹೌದೋ ಎಂಬುದು ಇತ್ಯರ್ಥವಾಗಿಲ್ಲ. ಹಾಗಾದರೆ ಜನರಿಗೆ ಕಲಿಸಿದ್ದು ಶಿಕ್ಷಣವೋ ಕಟ್ಟುಕಥೆಯೋ? ಇದಕ್ಕೆ ಉತ್ತರ ಹೀಗೆ ಕೊಡಬಹುದು: ಈ ಮೀನು ನಿಧಾನವಾಗಿ ಬೆಳೆಯುತ್ತದೆ, ಮರಿಗಳನ್ನು ಹೊಟ್ಟೆಯಲ್ಲಿ ಹೊತ್ತು ಹೆರುತ್ತದೆ, ಒಂದು ತಾಯಿ ಸತ್ತರೆ ನೂರಾರು ಮರಿಗಳು ಸಾಯುತ್ತವೆ ಎಂಬ ತಿರುಳು ಸತ್ಯ. ಆ ಸತ್ಯವನ್ನು ಮೀನುಗಾರನ ಮನೆಯ ಭಾಷೆಗೆ ತಂದದ್ದು ಮಗಳ ಹೋಲಿಕೆ. ಆದರೆ ಹೋಲಿಕೆಯನ್ನು ಹೋಲಿಕೆಯೆಂದೇ ತಿಳಿದಿರಬೇಕು. ನಾಳೆ ವಿಜ್ಞಾನ ಬೇರೆ ಮಾತು ಹೇಳಿದರೆ ಅದನ್ನೂ ಅದೇ ಜನರಿಗೆ ಗೌರವದಿಂದ ತಿಳಿಸುವ ಹೊಣೆ ಕಲಿಸಿದವರ ಮೇಲಿದೆ.

ಎರಡನೆಯದು, ಎಲ್ಲ ಜೀವಿಗಳೂ ಮುದ್ದಿನ ಮಗಳಾಗಲು ಸಾಧ್ಯವೇ? ಸಾಧುವಾದ, ಚೆಲುವಾದ, ಬೃಹತ್ತಾದ ಮೀನಿಗೆ ಜನ ಮನಸೋಲುತ್ತಾರೆ. ಗರಗಸ ಮೀನು, ತೊರಕೆ, ಸಮುದ್ರ ಸೌತೆಗಳಿಗೆ ಯಾರು ಪ್ರವಚನ ಮಾಡುತ್ತಾರೆ? ಅವೂ ಅಷ್ಟೇ ಅಪಾಯದಲ್ಲಿವೆ. ಒಂದು ಜೀವಿಯ ಮೇಲೆ ಹುಟ್ಟಿದ ಅಕ್ಕರೆ ಇಡೀ ಕಡಲಿಗೆ ಹರಡದಿದ್ದರೆ ಆಂದೋಲನ ಅರ್ಧದಲ್ಲೇ ನಿಂತಂತೆ.

ಮೂರನೆಯದು ಹಣದ್ದು. ಫಿಲಿಪೈನ್ಸಿನ ಡೊನ್ಸೊಲ್ ಎಂಬ ಊರಿನಲ್ಲಿ 1998ರಿಂದ ಈಚೆಗೆ ಇದೇ ಮೀನನ್ನು ನೋಡಲು ಪ್ರವಾಸಿಗರು ಬರುತ್ತಾರೆ; ಮೀನುಗಾರರು ಮಾರ್ಗದರ್ಶಕರಾಗಿ, ದೋಣಿ ನಡೆಸಿ ಸಂಪಾದಿಸುತ್ತಾರೆ. ಬದುಕಿರುವ ಮೀನೇ ಅಲ್ಲಿ ಆದಾಯದ ಮೂಲ. ಸೌರಾಷ್ಟ್ರದ ಕಡಲ ನೀರು ಕದಡಿದ್ದು, ಅಲ್ಲಿ ಅಂಥ ಪ್ರವಾಸೋದ್ಯಮ ಬೇರೂರಲಿಲ್ಲ. ಹಾಗಾಗಿ ಅಲ್ಲಿ ಮೀನುಗಾರ ಬಲೆ ಕತ್ತರಿಸುವುದು ಲಾಭಕ್ಕಲ್ಲ. ಪರಿಹಾರ ತಡವಾದರೆ, ಮೊತ್ತ ಸಾಲದೆ ಹೋದರೆ ಅವನ ಔದಾರ್ಯ ಎಷ್ಟು ಕಾಲ ತಡೆದೀತು? ದೇಶಕ್ಕೆಲ್ಲ ಬೇಕಾದ ಮೀನನ್ನು ಬಡ ಮೀನುಗಾರನೊಬ್ಬನ ಖರ್ಚಿನಲ್ಲಿ ಉಳಿಸುವುದು ನ್ಯಾಯವಲ್ಲ.

ನಮ್ಮ ಕರಾವಳಿಗೆ

ಗುಜರಾತಿನ ದೋಣಿಯ ಮುಖ್ಯಸ್ಥನನ್ನು ‘ತಾಂಡೇಲ’ ಎನ್ನುತ್ತಾರೆ. ಮಲ್ಪೆ, ಮಂಗಳೂರುಗಳಲ್ಲಿಯೂ ಅದೇ ಮಾತು. ಶ್ರಾವಣದ ಹುಣ್ಣಿಮೆಯಂದು ಅಲ್ಲಿಯವರು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ನಮ್ಮ ಮೊಗವೀರರೂ ಖಾರ್ವಿಗಳೂ ಸಮುದ್ರಪೂಜೆ ಮಾಡುವುದು ಆ ದಿನಗಳಲ್ಲೇ. ತಿಮಿಂಗಿಲ ಶಾರ್ಕ್ ನಮ್ಮ ಕಡೆಯ ಬಲೆಗಳಿಗೂ ಆಗೀಗ ಬೀಳುತ್ತದೆ. ಎರಡು ತೀರಗಳಿಗೂ ಅರಬ್ಬಿ ಸಮುದ್ರ ಒಂದೇ.

ಕಡಲನ್ನು ಹಂಚಿಕೊಂಡು ಬಾಳುವ ಪಾಠ ನಮ್ಮವರಿಗೆ ಹೊಸದೂ ಅಲ್ಲ. ರಂಪಣಿ ಬಲೆಯ ಕಾಲದಲ್ಲಿ ಹತ್ತಾರು ಜನ ದಡದಲ್ಲಿ ನಿಂತು ಹಗ್ಗ ಎಳೆಯುತ್ತಿದ್ದರು. ಬಂದ ಮೀನು ಎಳೆದವರಿಗೆಲ್ಲ ಪಾಲಾಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ಆ ಪದ್ಧತಿ ಮೂಲೆಗೆ ಸರಿಯಿತು. ಆದರೂ ಹಳೆಯ ನೆನಪು ಪೂರ್ತಿ ಅಳಿದಿಲ್ಲ. ಇಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುತ್ತವೆ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಕಡಲಿಗೆ ವಿಶ್ರಾಂತಿ ಬೇಕೆಂಬುದನ್ನು ಹಿರಿಯ ಮೀನುಗಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಕುಂದಾಪುರ, ಹೊನ್ನಾವರ, ಕಾರವಾರದ ಮರಳ ತೀರಗಳಲ್ಲಿ ಆಲಿವ್ ರಿಡ್ಲೆ ಆಮೆಗಳ ಮೊಟ್ಟೆಗಳನ್ನು ನಾಯಿ, ನರಿಗಳಿಂದ ಕಾಪಾಡಿ ಮರಿಗಳನ್ನು ಕಡಲಿಗೆ ಬಿಡುವ ಕೆಲಸದಲ್ಲಿ ಅರಣ್ಯ ಇಲಾಖೆಯೊಡನೆ ಊರಿನವರೂ ಸೇರಿದ್ದಾರೆ. ಗೂಡಿನ ಜಾಗವನ್ನು ಮೊದಲು ಗುರುತಿಸುವವನು ಹೆಚ್ಚಾಗಿ ಬೆಳಗಿನ ಜಾವ ದಡದಲ್ಲಿ ನಡೆಯುವ ಮೀನುಗಾರನೇ.

ವ್ಹಾಲಿಯ ಇತಿಹಾಸದಿಂದ ಕಲಿಯಬೇಕಾದದ್ದು ಬಹುಶಃ ಇಷ್ಟು. ಕಾನೂನು ಬೇಕು, ಅದಿಲ್ಲದಿದ್ದರೆ ರಫ್ತಿನ ಲಾಭವನ್ನು ತಡೆಯುವವರು ಯಾರೂ ಇರುತ್ತಿರಲಿಲ್ಲ. ವಿಜ್ಞಾನ ಬೇಕು, ಅದಿಲ್ಲದಿದ್ದರೆ ಏನನ್ನು ಏಕೆ ಉಳಿಸಬೇಕೆಂಬುದೇ ತಿಳಿಯದು. ಹಣವೂ ಬೇಕು, ಹೊತ್ತಿಗೆ ಸರಿಯಾಗಿ ಬೇಕು. ಆದರೆ ನಡುಗಡಲಿನಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಚೂರಿಯನ್ನು ಮೀನಿನ ಮೇಲೆ ಎತ್ತಬೇಕೋ ಬಲೆಯ ಮೇಲೆ ಎತ್ತಬೇಕೋ ಎಂದು ತೀರ್ಮಾನಿಸುವವನು ತಾಂಡೇಲ. ಆ ಗಳಿಗೆಯಲ್ಲಿ ಅವನ ಬಾಯಿಗೆ ‘ಬ್ಯಾರಲ್’ ಎಂಬ ಹೆಸರು ಬರುತ್ತದೆಯೋ ‘ವ್ಹಾಲಿ’ ಎಂಬ ಹೆಸರು ಬರುತ್ತದೆಯೋ ಎಂಬುದರ ಮೇಲೆ ಮೀನಿನ ಬದುಕು ನಿಂತಿದೆ.